ಪಾಳು ಮಠದ ಕಾಲುದಾರಿ

ಇಂಗ್ಲೆಂಡಿನ ನಮ್ಮ ಹಳ್ಳಿಯ ಬಸ್ ನಿಲ್ದಾಣದಲ್ಲಿ ನಿನ್ನೆ ಮಧ್ಯಾಹ್ನ ಇಬ್ಬರು ಹೆಂಗಸರ ಬಾಯಲ್ಲಿ ನಾನು ಕೇಳಿದ್ದು ಇದು. ಒಬ್ಬಳು ಲೀಡ್ಸ್‌ನಿಂದ ಊರು ನೋಡಲು ಬಂದಿದ್ದ ಗ್ಲೆನಿಸ್. ಇನ್ನೊಬ್ಬಳು ನಮ್ಮ ಚರ್ಚಿನಲ್ಲಿ ಹೂ ಜೋಡಿಸುವ ಹಿಲ್ಡಾ.

"ನಮ್ಮೆಜಮಾನ್ರು ಪಾಳು ಮಠ ನೋಡೋಕೆ ಹೋಗಿದಾರೆ. ನನಗೆ ಮಂಡಿ ನೋವು, ಇಲ್ಲೇ ಕೂತೆ," ಎಂದಳು ಗ್ಲೆನಿಸ್.

"ರಸ್ತೇಲಿ ಹೋದ್ರಾ?"

"ಇಲ್ಲಪ್ಪ, ಹುಲ್ಲುಗಾವಲಿನ ಕಾಲುದಾರೀಲಿ. ನಾಯೀನೂ ಕರ್ಕೊಂಡು."

ಹಿಲ್ಡಾ ಕೈಚೀಲ ಕೆಳಗಿಟ್ಟಳು. "ಅಯ್ಯೋ! ಕರು ಹಾಕಿದ ಹಸುಗಳನ್ನ ಬೆಳಗ್ಗೆ ತಾನೇ ಅಲ್ಲಿಗೆ ಬಿಟ್ಟಿದಾರೆ ಕಣಮ್ಮ."

"ಹಸು ತಾನೇ? ಗೂಳಿ ಅಲ್ವಲ್ಲ!"

"ಕರು ಪಕ್ಕದಲ್ಲಿದ್ರೆ, ನಾಯಿ ಕಂಡ್ರೆ ಹಸು ಮೇಲೇ ಬೀಳುತ್ತೆ. ನಾಯಿ ಹಗ್ಗ ಬಿಟ್ಬಿಟ್ರೆ ಹಸು ಅದರ ಹಿಂದೆ ಓಡುತ್ತೆ, ಮನುಷ್ಯ ಉಳ್ಕೋತಾನೆ. ನಿಮ್ಮವರು ಬಿಡ್ತಾರೆ ತಾನೇ?"

"ಅವರಾ? ನನ್ನ ಕೈಯಾದ್ರೂ ಬಿಟ್ಟಾರು, ಪೆಪ್ಪರ್‌ನ ಬಿಡಲ್ಲ. ಹಗ್ಗಾನ ಮಣಿಕಟ್ಟಿಗೆ ಸುತ್ಕೊಂಡೇ ನಡೆಯೋದು."

"ಬೇಗ ಫೋನ್ ಮಾಡಮ್ಮ!"

"ಅವರ ಫೋನ್ ನನ್ನ ಚೀಲದಲ್ಲೇ ಇದೆ."

ಬೇಲಿಯಾಚೆಯಿಂದ ಹಸುಗಳ ಕೂಗು ಕೇಳಿಸಿತು. ಒಂದೆರಡಲ್ಲ, ಹಿಂಡೇ ಕೂಗುತ್ತಿತ್ತು. ಬಸ್ಸು ಬಂದು ಬಾಗಿಲು ತೆರೆದರೂ ಇಬ್ಬರೂ ಅತ್ತ ನೋಡಲಿಲ್ಲ. ಅಷ್ಟರಲ್ಲಿ ಕೆಸರು ಮೆತ್ತಿಕೊಂಡ ನಾಯಿಯೊಂದು ಓಡಿಬಂದು ಗ್ಲೆನಿಸ್‌ಳ ಕಾಲಿಗೆ ಅಂಟಿಕೊಂಡಿತು.

"ಪೆಪ್ಪರ್! ಒಬ್ಬನೇ ಬಂದ್ಯಾ?"

"ಒಳ್ಳೇದೇ ಆಯ್ತು. ಹಗ್ಗ ಬಿಟ್ಟಿದಾರೆ."

ಗ್ಲೆನಿಸ್ ಬಗ್ಗಿ ಹಗ್ಗ ಎತ್ತಿದಳು. ಅದು ಗೇಣುದ್ದವಷ್ಟೇ ಇತ್ತು.

"ಬಿಟ್ಟಿಲ್ಲ ಕಣಮ್ಮ. ಹರಿದಿದೆ ಇದು."

ಗೇಟಿಗೊಂದು ಎಚ್ಚರಿಕೆಯ ಫಲಕ ಹಾಕಲಾಗದ ಆ ಹಸುಗಳ ಒಡೆಯನನ್ನು ಬೈಯುತ್ತಾ ನಾನು ಅವನಿಗೆ ಫೋನ್ ಹಚ್ಚುವಷ್ಟರಲ್ಲಿ, ಇಬ್ಬರೂ ಹುಲ್ಲುಗಾವಲಿನೊಳಗೆ ಓಡುತ್ತಿದ್ದರು.