ಅಂಚಿನಲ್ಲಿ ಬೈಯುವವನು

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ, ಅವನು ತಂದಿಟ್ಟಿದ್ದ ಕಾದಂಬರಿಯನ್ನು ಹಿಂದಿರುಗಿಸಲು ಆಕೆ ಗ್ರಂಥಾಲಯದ ಸಾಲಿನಲ್ಲಿ ನಿಂತಿದ್ದಳು. ಮುಂದೆ ನಿಂತಿದ್ದ ಅಪರಿಚಿತ ಭಾವ, ಭಾಮೈದ ಇಬ್ಬರೂ ಅದೇ ಲೇಖಕನನ್ನು ಜಾಡಿಸುತ್ತಿದ್ದರು.

"ಇದೆಂಥ ವಿಜ್ಞಾನವೋ! ಕಾದಂಬರಿಗೊಬ್ಬ ಸತ್ತವನನ್ನ ಯಂತ್ರಕ್ಕೆ ಹಾಕಿ ಎಬ್ಬಿಸ್ತಾನೆ."

"ಮತ್ಯಾಕೆ ಓದ್ತೀರಿ ಭಾವ?"

"ಕಥೆ ಯಾರಿಗೆ ಬೇಕು? ಯಾವನೋ ಪುಣ್ಯಾತ್ಮ ಅಂಚಿನಲ್ಲೆಲ್ಲ ಪೆನ್ಸಿಲಲ್ಲಿ ಬೈದಿರ್ತಾನೆ. 'ಸತ್ತವರು ಎದ್ದು ಬರಲ್ಲ ಮಹಾರಾಯ' ಅಂತ. ಅದಕ್ಕೇ ಓದೋದು."

"ಈ ಸರಣಿಯ ಕೊನೇ ಭಾಗ ಸಿಕ್ತಾ?"

"ಎಲ್ಲಿ? ಅವನೇ ಅದುಮಿಕೊಂಡು ಕೂತಿರಬೇಕು."

ಆಕೆ ಪುಸ್ತಕದ ನಡುವೆ ಗಂಡ ಗುರುತಿಗಿಟ್ಟಿದ್ದ ಮೋಟು ಪೆನ್ಸಿಲನ್ನು ತೆಗೆದುಕೊಂಡು, ಆ ಕೊನೇ ಭಾಗವನ್ನು ಅವರತ್ತ ಚಾಚಿದಳು. ಭಾವ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡು, ಪುಟ ತಿರುವುತ್ತ ಬಾಗಿಲು ದಾಟಿದ.

"ನೋಡೋ, ಬೈಯೋದನ್ನ ಅರ್ಧಕ್ಕೇ ನಿಲ್ಸಿಬಿಟ್ಟಿದಾನೆ, ಸೋಮಾರಿ!"