ನೆರಳಿಗೆ ಕೂಡಿಸಿದ ಹುಡುಗಿ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿರುವ ಆಡಳಿತ ಮಂಡಳಿಯ ಅಧ್ಯಕ್ಷರಾದ ಬಸವಂತ್ರಾಯ ಸಾಹುಕಾರರೇ, ಪ್ರಾಚಾರ್ಯರಾದ ಮಹಾದೇವಪ್ಪನವರೇ, ಸಹೋದ್ಯೋಗಿಗಳೇ, ಕೊಡೆ ಹಿಡಿದು ಬಂದ ತಾಯಂದಿರೇ, ಹಿಂದಿನ ಸಾಲಿನಲ್ಲಿ ಪಿಸುಗುಡುತ್ತಿರುವ ವಿದ್ಯಾರ್ಥಿನಿಯರೇ, ಶಹಾಪುರದ ಸಭಿಕರೇ,

‘ಬಿಸಿಲು ಎಲ್ಲರ ಅಂಗಳಕ್ಕೂ ಒಂದೇ ಸಮ ಬೀಳುತ್ತದೆ’ ಎಂಬ ಸಾಲೊಂದನ್ನು ಎಂದೋ ಓದಿದ್ದೆ. ಅಂಗಳವೋ ಮಾಳಿಗೆಯೋ, ಸರಿಯಾಗಿ ನೆನಪಿಲ್ಲ. ಬರೆದವರ ಹೆಸರಂತೂ ಮರೆತೇ ಹೋಗಿದೆ. ಕೇಳಲು ಚೆಂದ. ಆದರೆ ನಿಜವೇ? ಈ ಪೆಂಡಾಲಿನ ಕೆಳಗೆ ಎರಡು ಫ್ಯಾನುಗಳ ನಡುವೆ ಕೂತವರ ಮೇಲೂ, ಇದೇ ಹೊತ್ತಿಗೆ ಪಕ್ಕದ ಗೋಗಿ ಊರಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿರುವ ಹೆಂಗಸಿನ ಬೆನ್ನಿನ ಮೇಲೂ ಒಂದೇ ಬಿಸಿಲು ಬೀಳುತ್ತಿದೆಯೇ? ಆ ಕವಿ ಈ ಸಾಲನ್ನು ಒಳ್ಳೆಯ ನೆರಳಿನಲ್ಲಿ ಕೂತು ಬರೆದಿರಬೇಕು.

ನಿಜವಾಗಿ ಇಂದು ಇಲ್ಲಿ ನಿಲ್ಲಬೇಕಾಗಿದ್ದವರು ಯಾದಗಿರಿಯ ಚರ್ಮದ ಡಾಕ್ಟರು. ಅವರು ಬರಲಿಲ್ಲ. ‘ಮೇಡಂ, ಬಿಸಲು, ಚರ್ಮ, ಏನರ ಎರಡ ಮಾತ ಹೇಳಿಬಿಡ್ರಿ. ನಡುವ ಕವಿತಾ ಗಿವಿತಾ ಸೇರಿಸ್ರಿ, ಯಾರಿಗೂ ಗೊತ್ತಾಗಂಗಿಲ್ಲ’ ಎಂದರು ಪ್ರಾಚಾರ್ಯರು. ಹೀಗೆ ಕನ್ನಡ ಪಾಠ ಮಾಡುವ ನಾನು ಚರ್ಮದ ತಜ್ಞೆಯಾದೆ. ನಮ್ಮ ಕಾಲೇಜಿನಲ್ಲಿ ಖಾಲಿ ಜಾಗಗಳು ತುಂಬುವುದೇ ಹೀಗೆ.

ಈಗಷ್ಟೇ ಬಹುಮಾನ ಕೊಟ್ಟೆವು. ಕೇರಂಗೆ ಕೊಟ್ಟೆವು, ರಂಗೋಲಿಗೆ ಕೊಟ್ಟೆವು, ಮೆಹಂದಿಗೆ ಕೊಟ್ಟೆವು. ಖೋ-ಖೋ ಎಲ್ಲಿ ಹೋಯಿತು? ಹೋದ ವರ್ಷ ವಿಭಾಗ ಮಟ್ಟದಲ್ಲಿ ಗೆದ್ದು ಬಂದ ತಂಡ ಎಲ್ಲಿ ಹೋಯಿತು? ಆಟದ ಬಯಲಿಗೆ ಬೀಗ ಬಿದ್ದಿದೆ. ಕೆಲವು ತಾಯಂದಿರು ಬಂದು, ‘ಹುಡುಗ್ಯಾರು ಕರ್ರಗ ಆಗಾಕತ್ತಾರ್ರಿ, ನಾಳಿ ಯಾರ ಮಾಡ್ಕೋತಾರ ಇವರನ್ನ?’ ಎಂದು ಕೇಳಿದರು. ಆಡಳಿತ ಮಂಡಳಿ ಸಭೆ ಸೇರಿತು, ಚಹಾ ಕುಡಿಯಿತು, ಒಪ್ಪಿತು. ‘ವಿದ್ಯಾರ್ಥಿನಿಯರ ಆರೋಗ್ಯದ ಹಿತದೃಷ್ಟಿಯಿಂದ’ ಎಂದು ಫಲಕದ ಮೇಲೆ ಬರೆಸಿತು. ಆರೋಗ್ಯ! ಎಂಥ ದೊಡ್ಡ ಶಬ್ದ, ಎಷ್ಟು ಸಣ್ಣ ಕೆಲಸಕ್ಕೆ!

ಆ ತಂಡದ ನಾಯಕಿ ಅಂಜನಾ ನನ್ನ ಪಕ್ಕದ ಮನೆಯ ಹುಡುಗಿ. ಇಲ್ಲಿ ಅವಳ ಹೆಸರು ಹೇಳಲು ಅವಳೂ ತಾಯಿ ಮಾನಮ್ಮನೂ ಒಪ್ಪಿದ್ದಾರೆ. ದೀಪಾವಳಿಯ ನಂತರ ಅವಳಿಗೆ ಗಂಡು ಗೊತ್ತಾಯಿತು. ನಿಶ್ಚಯದ ದಿನ ಗಂಡಿನ ತಾಯಿ ಅವಳ ಗಲ್ಲ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ‘ಮೂಗು ಮಾರಿ ಚಂದ ಅದ ಬಿಡ್ರಿ. ಬಣ್ಣ ಒಂದು ಬಿಸಲಿಗೆ ಹೋಗ್ಯಾದ. ಮದಿವಿ ತನಕಾ ನೆರಳಿಗೆ ಕೂಡಸ್ರಿ’ ಎಂದರು. ಸಂತೆಯಲ್ಲಿ ಬದನೆಕಾಯಿ ನೋಡುವವರೂ ಇಷ್ಟು ತಿರುಗಿಸುವುದಿಲ್ಲ.

ನೆರಳಿಗೆ ಕೂಡಿಸುವುದು ನಮ್ಮ ಓಣಿಗಳಿಗೆ ಹೊಸದಲ್ಲ. ಗಂಡು ಗೊತ್ತಾದ ಹುಡುಗಿಯನ್ನು ಹೊಲಕ್ಕೆ ಕಳಿಸುವುದಿಲ್ಲ, ಮಾಳಿಗೆ ಹತ್ತಲು ಬಿಡುವುದಿಲ್ಲ, ನಳದ ನೀರಿಗೂ ಬಿಡುವುದಿಲ್ಲ. ಮಾನಮ್ಮ ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಸುರಪುರದ ಅಂಗಡಿಯಿಂದ ಹೆಸರೇ ಇಲ್ಲದ ಡಬ್ಬಿಯ ಕ್ರೀಮು ತಂದಳು. ಮೊದಲು ಹುಡುಗಿ ಬೆಳ್ಳಗಾದಳು, ಓಣಿಯೆಲ್ಲ ಹೊಗಳಿತು. ಆಮೇಲೆ ಮುಖದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬಾಗಿಲ ಸಂದಿಯ ಬೆಳಕು ತಾಗಿದರೂ ಕೆಂಪಗೆ ಉರಿಯತೊಡಗಿತು. ಗಾಳಿಯಂತೆ ಓಡುತ್ತಿದ್ದವಳು ಗೋಡೆ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ‘ಎಲುಬಿನೊಳಗ ಯಾರೋ ಕುಂತು ಕಡಿಯಾಕತ್ತಂಗ ಆಗ್ತದ್ರಿ ಅಕ್ಕೋರ’ ಎಂದಳು.

ತಾಯಿ ಮಗಳನ್ನು ನಾನೇ ಯಾದಗಿರಿಗೆ ಕರೆದುಕೊಂಡು ಹೋದೆ. ರಕ್ತದ ವರದಿ ನೋಡಿದ ಇದೇ ಚರ್ಮದ ಡಾಕ್ಟರು ಮಾನಮ್ಮನ ಮೇಲೆ ಹರಿಹಾಯ್ದರು: ‘ಬಿಸಲು ಬ್ಯಾಡಂತ ಎಲುಬು ಸವೆಸೀರಿ. ಬೆಳ್ಳಗಾಗ್ಲಿ ಅಂತ ಚರ್ಮ ಸುಟ್ಟೀರಿ. ಮತ್ತ ಮದಿವಿಗೆ ಏನ ಉಳಿಸೀರಿ ತಾಯಿ?’

ಅವರು ಅಂದು ಹೇಳಿದ್ದನ್ನೇ ಇಂದು ನಿಮಗೆ ಒಪ್ಪಿಸುತ್ತೇನೆ. ಎಲುಬಿಗೆ ಬೇಕಾದ ಜೀವಸತ್ವವನ್ನು ಚರ್ಮವೇ ತಯಾರಿಸುತ್ತದೆ, ಆದರೆ ಅದಕ್ಕೆ ಬಿಸಿಲು ತಾಗಬೇಕು. ಗಾಜಿನ ಕಿಟಕಿಯ ಹಿಂದೆ ಕೂತರೆ ಆಗದು. ಕೈಕಾಲಿಗೆ ದಿನವೂ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಕಪ್ಪು ಮೈಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹಾಗಂತ ನಡು ಮಧ್ಯಾಹ್ನ ತಾಸುಗಟ್ಟಲೆ ನಿಂತರೆ ಮೈ ಸುಡುತ್ತದೆ, ಮುಖಕ್ಕೆ ಬಂಗು ಏಳುತ್ತದೆ, ಕಣ್ಣಿಗೂ ಕೇಡು. ನಿಮ್ಮ ನೆರಳು ನಿಮಗಿಂತ ಗಿಡ್ಡಾಯಿತೆಂದರೆ ಬಿಸಿಲು ಚುರುಕಾಯಿತೆಂದು ತಿಳಿಯಿರಿ. ಆಗ ಹೊರಗೇ ದುಡಿಯಬೇಕಾದವರಿಗೆ ತುಂಬುತೋಳಿನ ಅಂಗಿ ಇರಲಿ, ತಲೆಗೆ ಬಟ್ಟೆ ಇರಲಿ, ನಡುನಡುವೆ ಮರದಡಿ ಕೂರಲು ಬಿಡುವಿರಲಿ. ಸ್ವಲ್ಪ ಬೇಕು, ಬಹಳ ಬೇಡ. ಉಪ್ಪಿನ ವಿಷಯದಲ್ಲಿ ಇಷ್ಟು ಜಾಣತನ ತೋರಿಸುವ ನಮ್ಮ ಮನೆಗಳಿಗೆ ಬಿಸಿಲಿನ ವಿಷಯದಲ್ಲಿ ಏನು ಬಡಿದಿದೆ?

ಇನ್ನೊಂದು ಮಾತು. ಕಪ್ಪು ಬಣ್ಣವೆಂದರೆ ಹುಟ್ಟುವಾಗಲೇ ಮೈಗೆ ಹಿಡಿದ ಕೊಡೆ, ಎಂದರು ಡಾಕ್ಟರು. ನಾವು ದುಡ್ಡು ಕೊಟ್ಟು ಆ ಕೊಡೆಯನ್ನೇ ಹರಿಯುತ್ತಿದ್ದೇವೆ.

ಇದು ನನಗೆ ಚಿಕ್ಕಂದಿನಲ್ಲಿ ಗೊತ್ತಿದ್ದರೆ ಚೆನ್ನಾಗಿರುತ್ತಿತ್ತು. ಎಂ.ಎ. ಮುಗಿದ ವರ್ಷ ಗುರುಮಠಕಲ್ ಕಡೆಯಿಂದ ನನ್ನನ್ನು ನೋಡಲು ಬಂದಿದ್ದರು. ನಮ್ಮವ್ವ ಬೇಕೆಂದೇ ದೀಪ ಹಚ್ಚುವ ಹೊತ್ತಿಗೆ ಕರೆಸಿದ್ದಳು. ಒಪ್ಪಿಗೆಯಾಯಿತು. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ, ಬಿಸಿಲಿನಲ್ಲಿ, ಅವರು ನನ್ನನ್ನು ಮತ್ತೊಮ್ಮೆ ಕಂಡರು. ಅಷ್ಟೇ, ಮಾತು ಮುರಿಯಿತು. ನನಗೇನೂ ಬೇಸರವಾಗಲಿಲ್ಲ, ನಾನು ಕವಿತೆ ಓದುವವಳು. ಗಂಡಾಗಿ ಬಂದವರು ತಿಳಿ ನೀಲಿ ಅಂಗಿ ಹಾಕಿದ್ದರು, ಜೇಬಿನ ಮೇಲೆ ಶಾಯಿಯ ಕಲೆಯಿತ್ತು. ನೆನಪಿಟ್ಟುಕೊಂಡಿದ್ದೇನೆ ಎಂದಲ್ಲ. ಮರೆತಿಲ್ಲ, ಅಷ್ಟೇ. ಇರಲಿ, ಇದು ಇಲ್ಲಿಗೆ ಬೇಡದ ಮಾತು.

ಬೇಕಾದ ಮಾತಿಗೆ ಬರುತ್ತೇನೆ. ಅಂಜನಾಳನ್ನು ನೆರಳಿಗೆ ಕೂಡಿಸಲು ಹೇಳಿದ ಆ ಬೀಗರು ಯಾರು? ದೂರದವರೇ? ಸಾಹುಕಾರರೇ, ನೀರು ಆಮೇಲೆ ಕುಡಿಯಬಹುದು. ಹುಡುಗ ನಿಮ್ಮ ಮಗ, ಗಲ್ಲ ಹಿಡಿದವರು ನಿಮ್ಮ ಮನೆಯವರು. ಕ್ರೀಮು ಬಿಡಿಸಿದ್ದೇವೆ, ಹುಡುಗಿಯನ್ನು ಬಿಸಿಲಿಗೆ ಕೂರಿಸಬೇಕಾಗಿದೆ ಎಂದು ಮಾನಮ್ಮ ನಿಮಗೆ ಹೇಳಿಕಳಿಸಿದಳು. ‘ಹಂಗಿದ್ರ ನಾವೂ ಇಚಾರ ಮಾಡಬೇಕಾಗ್ತದ’ ಎಂದು ನಿಮ್ಮ ಮನೆಯಿಂದ ಉತ್ತರ ಬಂತು. ಏನು ವಿಚಾರ, ಸಾಹುಕಾರರೇ? ಸೊಸೆ ಮೆಟ್ಟಿಲು ಹತ್ತಬೇಕೋ, ಬರೀ ಫೋಟೋಕ್ಕೆ ಬೇಕೋ, ಇದೇ ತಾನೇ?

ಈ ಮಾತಿಗೆ ನಾಳೆ ನನ್ನ ಪಾಠದ ತಾಸುಗಳು ಕಡಿಮೆಯಾಗಬಹುದು, ಆಗಲಿ. ಬಯಲಿನ ಬೀಗ ತೆಗೆಸಿ. ಬಿಸಿಲು ಏರುವ ಮೊದಲು, ಇಳಿದ ಮೇಲೆ, ಹುಡುಗಿಯರು ಓಡಲಿ.

ಡಾಕ್ಟರಿಗೆ ಇಟ್ಟಿದ್ದ ಸಮಯವನ್ನು ನನಗೆ ಕೊಟ್ಟಿರಿ, ಏಳದೆ ಕೂತು ಕೇಳಿದಿರಿ. ನಿಮ್ಮೆಲ್ಲರಿಗೂ ಕೃತಜ್ಞಳು, ನಮಸ್ಕಾರ. ಮೈಕು ಬಿಡುವ ಮುಂಚೆ ಸಾಹುಕಾರರಿಗೆ ಒಂದು ಉತ್ತರ ಮುಟ್ಟಿಸುವುದಿದೆ. ಬೆಳಿಗ್ಗೆ ನಾನು ಹೊರಡುವಾಗ ಮಾನಮ್ಮ ನನ್ನ ಬಾಗಿಲಿಗೆ ಬಂದು ಹೇಳಿದ್ದು ಇದು:

‘ಅಕ್ಕೋರ, ಅಂಜನಾ ತೋಳು ಏರಿಸ್ಕೊಂಡು ಅಂಗಳದಾಗ ಕುಂತಾಳ. ಒಳಗ ಬಾ ಅಂತ ನಾನೂ ಕರಿಯಾಂಗಿಲ್ಲ ಇನ್ನ. ಸಾಹುಕಾರ್ರಿಗೆ ಹೇಳ್ರಿ, ನೆರಳೇ ಬೇಕಾಗಿದ್ರ ಮಗನ ಕಡಿಂದ ಬೇವಿನ ಗಿಡಕ್ಕ ತಾಳಿ ಕಟ್ಟಸ್ರಿ ಅಂತ.’