ಎಣ್ಣಿ ಗಾಜಿನ ಮ್ಯಾಲಿನ ಕುಂಕುಮ

...ಅಲ್ಲಿ ಬ್ಯಾಡಂದ್ರ ಬ್ಯಾಡ, ಆ ದುಂಡನ ಗಾಜಿನ ಮ್ಯಾಲ ಬ್ರಶ್ ಒಯ್ಯಬ್ಯಾಡ ನೋಡು ಪಾರಿ, ಉಳಿದ ಲೇಥ್ ಮಷೀನ್ ಪೂರಾ ನಿಂದ, ಹಸರ ಹಚ್ಚತಿಯೋ ನೀಲಿ ಹಚ್ಚತಿಯೋ ಹಚ್ಚು, ಗಾಜ ಒಂದು ಬಿಡು. ಯಾಕಂತಿಯಾ, ಹೇಳ್ತೇನಿ, ನಿಮ್ಮಕ್ಕನ್ನೂ ಕರಿ, ಬಣ್ಣದ ಡಬ್ಬಿ ಮುಚ್ಚಿಡ್ರಿ ಮದಲ. ನಾಳೆ ಖಂಡೇ ಪೂಜಿ, ಆಯುಧಪೂಜಿ, ಇವತ್ತ ಖಾದರ್ ಬರ್ತಾನ, ಅವ ಬರೂದ್ರೊಳಗ ಹೇಳಿ ಮುಗಸಬೇಕು. ನೀವು ಕುಂಡರ್ರಿ, ನನಗ ಕುಂಡ್ರಾಕ ಆಗವಲ್ದು, ಅಡ್ಡ್ಯಾಡಕೋತ ಹೇಳ್ತೇನಿ. ಅವಂಗ ನಾ ಒಂದು ಮಾತು ಹೇಳೂದೈತಿ. ಲಾಕ್‌ಡೌನ್ ವರ್ಷದಿಂದ ಹೇಳೂದೈತಿ, ಇನ್ನೂ ಹೇಳಿಲ್ಲ, ಖಂಡೇ ಪೂಜಿ ಹತ್ರ ಬಂತಂದ್ರ ಎದಿಯೊಳಗ ಚಡಪಡಿಕಿ ಸುರು ಆಗ್ತೈತಿ.

ಕಬ್ಬಣ ಕಡಿಯೂ ಈ ಲೇಥ್ ನಾನೂ ಖಾದರನೂ ಕೂಡಿ ತಂದದ್ದು, ಗೊತ್ತೈತಿಲ್ಲ ನಿಮಗ. ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಫ್ಯಾಕ್ಟರಿಯವರು ಹಳೇ ಮಷೀನ್ ಮಾರಾಕತ್ತಿದ್ರು, ಟ್ರ್ಯಾಕ್ಟರ್ ಮ್ಯಾಲ ಹುಬ್ಬಳ್ಳಿಗೆ ತಂದ್ವಿ, ಅಲ್ಲ ಅಲ್ಲ, ಟ್ರ್ಯಾಕ್ಟರ್ ನರೇಂದ್ರದ ಹಂತ್ಯಾಕ ಕೆಟ್ಟು ನಿಂತಿತ್ತು, ಆಮ್ಯಾಲ ಲಾರಿ ಮ್ಯಾಲ ತಂದ್ವಿ. ಶೆಡ್ ನಂದು, ಕೈ ಖಾದರಂದು. ಲೇಥ್ ಹೊಡಿಯೂದ್ರಾಗ ಅವನಂಥಾ ಟರ್ನರ್ ನಾ ನೋಡಿಲ್ಲ. ಸ್ಕ್ರೂಡ್ರೈವರಿನ ಹಿಡಿಕಿ ಕಿವಿಗೆ ಹಚ್ಚಿ, ತುದಿ ಮಷೀನಿಗೆ ಇಟ್ಟು, ಒಳಗ ಯಾವ ಗೇರ್ ಅಳಾಕತ್ತೈತಿ ಅಂತ ಹೇಳಾಂವ. ಈ ತಲಿಭಾಗ ಐತಲ್ಲ, ಇದ ಗೇರ್‌ಬಾಕ್ಸ್, ಒಳಗ ಗೇರ್ ತಿರಗ್ತಾವ, ತಿರಗಾಕ ಎಣ್ಣಿ ಬೇಕು, ಎಣ್ಣಿ ಎಷ್ಟೈತಿ ಅಂತ ಈ ಗಾಜಿನ್ಯಾಗ ಕಾಣ್ತೈತಿ. ಈಗ ನಮ್ಮ ಶಾಣ್ಯಾತನ ಕೇಳ್ರಿ. ಪ್ರತಿ ವರ್ಷ ಪೂಜಿ ಮುಂಚೆ ಮಷೀನಿಗೆ ಹೊಸಾ ಬಣ್ಣ, ವಿಭೂತಿ ಪಟ್ಟಿ, ಚೆಂಡುಹೂವಿನ ಮಾಲಿ, ಆಮ್ಯಾಲ ಕುಂಕುಮ. ಕುಂಕುಮ ಎಲ್ಲಿ ಹಚ್ಚೂದು? ಮಷೀನಿನ ಮಾರಿ ನೋಡಿದ್ರ ಈ ಗಾಜ ಹಣಿಯಂಗ ಕಾಣ್ತಿತ್ತು ನನಗ. ಅಲ್ಲೇ ಹಚ್ಚತಿದ್ನಿ, ಹೆಬ್ಬಟ್ಟಿಲೆ ಗಟ್ಟಿಯಾಗಿ. ಪೂಜಿ ಮುಗದ ಮರುದಿನ ಖಾದರ್ ಸುಮ್ನ ಬಂದು, ಒಂದು ಹಳೇ ಬ್ಲೇಡ್ ತಗೊಂಡು, ಗಾಜಿನ ಮ್ಯಾಲಿನ ಬಣ್ಣ ಕುಂಕುಮ ಎಲ್ಲಾ ಕೆರದು ಒರಸಿಬಿಡತಿದ್ದ. ನನಗ ಗೊತ್ತಽ ಇರಲಿಲ್ಲ. ಒಂದ್ ವರ್ಷ ಅವ ಬ್ಲೇಡ್ ಹಚ್ಚೂ ಮುಂದ ಕಣ್ಣಿಗೆ ಬಿತ್ತು, ಅವತ್ತ ಮನ್ಯಾಗ ಏನೋ ಕಿರಿಕಿರಿ ಇತ್ತು, ಬಾಯಿ ಜಾರಿತು. "ನಮ್ಮ ಪೂಜಿ ನಿನಗೇನ್ ತಿಳೀತೈತಿ, ದೇವರ ಕುಂಕುಮಕ್ಕ ಬ್ಲೇಡ್ ಹಾಕಬ್ಯಾಡ" ಅಂದ್ನಿ. 'ನಮ್ಮ' ಅಂದ್ನಿ, ನೋಡ್ರಿ, ಅವ ಹೊರಗಿನಾಂವ ಅನ್ನೂಹಂಗ. ಅಷ್ಟ ವರ್ಷ ಅವನೂ ಕಾಯಿ ಒಡದಾನ, ಮಂಡಕ್ಕಿ ಹಂಚ್ಯಾನ, ನಿಮ್ಮಜ್ಜಿ ಮಾಡಿದ ಹೋಳಿಗಿ ಉಂಡಾನ. ಖಾದರ್ ಬ್ಲೇಡ್ ಕಿಸೆದಾಗ ಇಟ್ಕೊಂಡ, "ಆತು ಬಸಣ್ಣ" ಅಂದ, ಅಷ್ಟ. ನಾ ಮತ್ತ ಕುಂಕುಮ ತಿದ್ದಿ, ವರ್ಷಿಡೀ ಉಳೀಲಿ ಅಂತ ಮ್ಯಾಲ ವಾರ್ನಿಶ್ ಬ್ಯಾರೆ ಹೊಡದ್ನಿ.

ಮುಂದ ಲಾಕ್‌ಡೌನ್ ಬಂತು. ಶೆಡ್ಡಿಗೆ ಕೀಲಿ. ಮನ್ಯಾಗ ಕುಂತು ಕುಂತು ನನಗ ಹುಚ್ಚ ಹಿಡಿಯೂದೊಂದು ಬಾಕಿ, ನಿಮ್ಮಜ್ಜಿ "ಹಿಂಗ ಅಡ್ಡ್ಯಾಡಿ ನೆಲಾ ಸವಸಬ್ಯಾಡ್ರಿ" ಅಂತಿದ್ಲು. ಕೆಲ್ಸ ಇಲ್ಲ, ರೇಶನ್ ಅಕ್ಕಿ, ಒಂದೊತ್ತು ರೊಟ್ಟಿ, ಒಂದೊತ್ತು ಗಂಜಿ. ಕೀಲಿ ತಗದ ಮರುದಿನನ ಶಿರಗುಪ್ಪಿಯಿಂದ ಹಿಟ್ಟಿನ ಗಿರಣಿಯಾಂವ ಬಂದ, ಗಿರಣಿ ಶಾಫ್ಟ್ ಮುರದೈತಿ, ಊರಮಂದಿ ಜ್ವಾಳದ ಡಬ್ಬಿ ಪಾಳಿ ಹಚ್ಚಿ ಇಟ್ಟು ಹೋಗ್ಯಾರ, ಲಗೂ ಮಾಡಿ ಕೊಡ್ರಿ ಅಂದ. ಖಾದರ್ ಮಷೀನ್ ಚಾಲೂ ಮಾಡಿದ, ಸ್ಕ್ರೂಡ್ರೈವರ್ ಕಿವಿಗೆ ಇಟ್ಟ. "ಬಸಣ್ಣ, ಆವಾಜ್ ಬ್ಯಾರೆ ಐತಿ, ಬಿಚ್ಚಿ ನೋಡೂಣು." ನಾ ಏನಂದ್ನಿ? "ಮೂರು ತಿಂಗಳ ಮಲಗೇತಿ, ಎದ್ದಾಗ ಆಕಳಿಸ್ತೈತಿ, ಕೆಲ್ಸ ಹೊಡಿ." ಹೊಡದ. ಗಿರಣಿ ಹೊಸಾ ಶಾಫ್ಟ್ ಅರ್ಧಕ್ಕ ಬಂದಿತ್ತು, ಗರ್ರ್ ಅಂತು, ಆಮ್ಯಾಲ ಕಟಕ್ ಅಂತು, ಶಾಫ್ಟ್ ಹಿಡದಿದ್ದ ಚಕ್ ತಿರಗೂದು ನಿಂತಽ ಹೋತು. ಸುಟ್ಟ ವಾಸನಿ. ನನ್ನ ತಲಿ ತಿರಗಿತು. "ಚಾಲೂ ಇದ್ದಾಗ ಗೇರ್ ಬದಲಿ ಮಾಡಿದಿ ಅಲ್ಲಾ?" "ಇಲ್ಲ ಬಸಣ್ಣ, ಮುಟ್ಟಿಲ್ಲ." "ಮುಟ್ಟದ ಮುರೀತೈತೇನು? ಕೈ ಜಡ ಆಗ್ಯಾವ ನಿನ್ನವು, ನಾಳಿಂದ ಬರಬ್ಯಾಡ." ಗಿರಣಿಯಾಂವ ಅಲ್ಲೇ ನಿಂತಿದ್ದ, ಅವನ ಮುಂದ ಅಂದ್ನಿ. ಖಾದರ್ ಕೈ ತೊಳಕೊಂಡ, ಸೋಪ್ ಹಚ್ಚಿ ಎರಡ್ ಸಲ ತೊಳಕೊಂಡ, ಹೋದ.

ನಾನಽ ಬಿಚ್ಚಾಕ ಕುಂತ್ನಿ. ಮ್ಯಾಲಿನ ಮುಚ್ಚಳ ತಗದ್ನಿ, ಬೋಲ್ಟ್ ಜಿಡ್ಡಿಗಟ್ಟಿದ್ವು. ಒಳಗ ನೋಡಿದ್ರ ಒಂದು ಗೇರಿಂದು ಎರಡು ಹಲ್ಲು ಮುರದಾವ, ಗೇರಿನ ಶಾಫ್ಟ್ ಕುಂಡ್ರೂ ಕಂಚಿನ ಬುಷ್ ಸುಟ್ಟು ಕರ್ರಗ ಆಗಿ ಶಾಫ್ಟಿಗೆ ಹತಗೊಂಡೈತಿ. ಬಡದ್ನಿ, ಜಗ್ಗಿದ್ನಿ, ಬರವಲ್ದು. ಬೆರಳ ತಳಕ್ಕ ಇಳಿಬಿಟ್ನಿ ನೋಡ್ರಿ, ಒಣಾ. ಎಣ್ಣಿನ ಇಲ್ಲ. ಮಷೀನ್ ನಿಂತಲ್ಲೇ ಆಯಿಲ್ ಸೀಲ್ ಒಣಗಿ, ಹನಿ ಹನಿ ಸೋರಿ, ಕೆಳಗ ಕಬ್ಬಣದ ಚೂರು ಬೀಳೂ ಟ್ರೇ ಎಲ್ಲಾ ಎಣ್ಣಿ ಕುಡದಿತ್ತು. ಹಂಗಾದ್ರ ಗಾಜಿನ್ಯಾಗ ಯಾಕ ಕಾಣಲಿಲ್ಲ ಅಂತ ಒಳಗ ಬ್ಯಾಟರಿ ಹಚ್ಚಿಟ್ಟು ಹೊರಗಿಂದ ನೋಡಿದ್ನಿ. ಬೆಳಕಽ ಬರವಲ್ದು. ಉಗರಿಲೆ ಕೆರದ್ನಿ. ವಾರ್ನಿಶ್, ಅದರ ಕೆಳಗ ಕುಂಕುಮ, ಅದರ ಕೆಳಗ ಹಸರ ಬಣ್ಣ. ನನ್ನ ಹೆಬ್ಬಟ್ಟಿನ ಗುರ್ತಽ ಇತ್ತು ಅದರ ಮ್ಯಾಲ. ಅಲ್ಲೇ ನೆಲದ ಮ್ಯಾಲ ಕುಂತಬಿಟ್ನಿ. ಖರೇ ಹೇಳ್ತೇನಿ, ನಾಚಿಕಿ ಆತು, ಅಳೂನೂ ಬಂತು.

ಮರುದಿನ ಹಳೇ ಹುಬ್ಬಳ್ಳಿಗೆ ಅವನ ಮನಿಗೆ ಹೋದ್ನಿ. ದಾರಿಯುದ್ದಕ್ಕೂ ಕಲತ್ಕೋತ ಹೋದ್ನಿ, "ಖಾದರ್, ತಪ್ಪು ನಂದು, ಕುಂಕುಮದ್ದೂ ಗೇರಿಂದೂ ಎರಡೂ ತಪ್ಪು ನಂದು." ಅವನ ಹೆಂಡತಿ ಚಾ ಕೊಟ್ಲು. ಚಾ ಕುಡದ್ನಿ. ಬಾಯಿಂದ ಬಂದದ್ದೇನು? "ಬುಷ್ ಹತಗೊಂಡೈತಿ, ನನಗ ಬಿಚ್ಚಾಕ ಬರವಲ್ದು." ಅವ ನನ್ನ ಮಾರಿ ನೋಡಿದ, ಚಪ್ಪಲಿ ಹಾಕ್ಕೊಂಡ, ಬಂದ. ಬುಷ್‌ನ ಸೀಳಿ ತಗದ. ಹೊಸಾ ಬುಷ್ ಕಡೀಬೇಕಂದ್ರ ಲೇಥ್ ಬೇಕು, ನಮ್ಮ ಲೇಥ್ ಸತ್ತು ಮಲಗೇತಿ, ಅಮರಗೋಳದಾಗ ಗುರತಿನವರ ಶೆಡ್ಡಿಗೆ ಹೋಗಿ ಅವರ ಮಷೀನಿನ ಮ್ಯಾಲ ಕಡಕೊಂಡು ಬಂದ, ಗೇರೂ ಅಲ್ಲೇ ಮಾಡಿಸಿದ. ಶಾಫ್ಟಿಗೆ ನೀಲಿ ಬಣ್ಣ ಹಚ್ಚೂದು, ಬುಷ್‌ನ್ಯಾಗ ಹಾಕಿ ತಿರುವೂದು, ಬುಷ್‌ಗೆ ಎಲ್ಲೆಲ್ಲಿ ನೀಲಿ ಹತ್ತೇತಿ ಅಲ್ಲೆಲ್ಲಾ ಕೆರಿಯೂದು, ಮತ್ತ ಹಾಕೂದು, ಎರಡು ದಿನ ಅದ ಕೆಲ್ಸ. ನಾ ಮಗ್ಗಲಕ ನಿಂತು ಪಾನಾ, ಸ್ಪ್ಯಾನರ್, ಕೊಡತಿದ್ನಿ, ಮಾತು ನಾಲಿಗಿ ತುದಿಗೆ ಬರೂದು, ನುಂಗೂದು. ಕಡೀಕ ಎಣ್ಣಿ ಹಾಕೂ ಮುಂದ ಅವ ಗಾಜ ನೋಡಿದ. ನಾ ಉಗರಿಲೆ ಕೆರದ ಗೀರು ನೋಡಿದ. ಎಲ್ಲಾ ತಿಳೀತು ಅವಂಗ. ಸೀಮಿಎಣ್ಣಿ ಅರಬಿಲೆ ಗಾಜ ಒರಸಿದ, "ಈಗ ಕಾಣ್ತೈತಿ ನೋಡು" ಅಂದ, ಮಷೀನ್ ಚಾಲೂ ಮಾಡಿ ಶಿರಗುಪ್ಪಿ ಶಾಫ್ಟ್ ಮುಗಿಸಿದ.

ಅವತ್ತಿಂದ ಪ್ರತಿ ವರ್ಷ ಪೂಜಿ ಹಿಂದಿನ ದಿನ ಬರ್ತಾನ, ಹೂವಿನ ಚೀಲ ಕೈಯಾಗ. ಮಂದಿ ಮುಂದ ನಗತಾನ, ಉಣ್ಣತಾನ, ಎಲ್ಲಾ ಮದಲಿನಂಗ. ಆದ್ರ ಹ್ವಾದ ವರ್ಷ ಅವನ ಅಂಗಿ ಗೂಟಕ್ಕ ಹಾಕೂ ಮುಂದ ಕಿಸೆದಿಂದ ಒಂದು ಪುಡಿಕಿ ಬಿತ್ತು, ಪೇಪರಿನ್ಯಾಗ ಸುತ್ತಿದ ಬ್ಲೇಡ್. ಇನ್ನೂ ತರ್ತಾನ. ನಾ ಗಾಜಿಗೆ ಕುಂಕುಮ ಹಚ್ಚದ ಬಿಡ್ತೇನಿ ಅಂತ ಅವಂಗ ನಂಬಿಕಿ ಇಲ್ಲ, ಯಾಕಿರಬೇಕು, ನಾ ಬಾಯಿ ಬಿಟ್ಟು ಹೇಳಿಲ್ಲಲ್ಲ. ಅದಕ ಹೇಳ್ತೇನಿ ಪಾರಿ, ಗೇರ್ ಮುರದ್ರ ಹೊಸಾದ್ ಸಿಗತೈತಿ, ತಪ್ಪಾತು ಅನ್ನೂ ಮಾತು ಮಾತ್ರ ಅವತ್ತಽ ಅಂದುಬಿಡಬೇಕು, ತಡಾ ಮಾಡಿದಷ್ಟು ಬಿಗಿ ಆಗ್ತೈತಿ. ಅಗೋ, ಖಾದರನ ಗಾಡಿ ಸಪ್ಪಳ. ಎಲ್ಲಿ ಹೊಂಟ್ರಿ? ಕುಂಡರ್ರಿ ಇಲ್ಲೇ. ಇವತ್ತ ನಿಮ್ಮ ಮುಂದನ ಅವಂಗ ತಪ್ಪಾತು ಅಂತೇನಿ.